ರವಿಕೆ ಕಣದ ತಟ್ಟೆ

ಅದನ್ನು ಏನೆಂದು ಕರೆಯಬೇಕು ಎನ್ನುವುದು ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ತೀರ್ಮಾನವಾಗದೆ ಉಳಿದ ವಿಷಯ. ಊಟದ ತಟ್ಟೆಗಿಂತ ದೊಡ್ಡದು, ಮೊರಕ್ಕಿಂತ ಚಿಕ್ಕದು. ಕೈಯಲ್ಲೇ ಮಾಡಿದ್ದು, ಹಾಗಾಗಿ ಪೂರಾ ದುಂಡಗೂ ಇಲ್ಲ, ಉದ್ದಕ್ಕೂ ಇಲ್ಲ. ಎಳನೀರು ಬುರುಡೆಯ ಹಸಿರು ಬಣ್ಣ, ಮೇಲೆ ಗಾಜಿನ ಮೆರುಗು. ಕಣ್ಣಿಗೆ ಪಿಂಗಾಣಿ. ಬೆರಳಾಡಿಸಿದರೆ ಮಾತ್ರ ಬಟ್ಟೆ ಮುಟ್ಟಿದ ಹಾಗಾಗುತ್ತದೆ. ಹಾಸು ಹೊಕ್ಕಿನ ಒಂದೊಂದು ಎಳೆಯೂ ಎದ್ದು ನಿಂತಿದೆ, ಸಣ್ಣ ಸಣ್ಣ ಚೌಕುಳಿ, ಒಂದು ಬದಿಗೆ ಅಂಚಿನ ಪಟ್ಟಿ. ನಟ್ಟನಡುವೆ ಬೆಳ್ಳಿ ರೂಪಾಯಿಗಿಂತ ಸ್ವಲ್ಪ ಅಗಲವಾದ ಒಂದು ದುಂಡು ತಗ್ಗು. ನಾನು ಅದನ್ನು ತಟ್ಟೆ ಎನ್ನುತ್ತೇನೆ. ಅಪ್ಪ ಬದುಕಿರುವವರೆಗೆ ಪ್ಲೇಟು ಎಂದರು. ಅಮ್ಮ ‘ಆ ಮಣ್ಣು’ ಎನ್ನುತ್ತಿದ್ದಳು. ಪಿಂಗಾಣಿ ಅಡುಗೆಮನೆಗೆ ಬರಕೂಡದು ಎನ್ನುವುದು ಅವಳ ಕಟ್ಟುಪಾಡು. ಹಾಗಾದರೆ ಉಪ್ಪಿನಕಾಯಿ ಜಾಡಿ ಹೇಗೆ ಬಂತು ಎಂದು ಕೇಳಿದರೆ ಅದು ಜಾಡಿ ಎನ್ನುವುದು ಅವಳ ಉತ್ತರ. ಹೀಗಾಗಿ ಅದು ಇಷ್ಟು ವರ್ಷವೂ ನಡುಮನೆಯ ಗೂಡಿನಲ್ಲೇ ಇತ್ತು.

ಅದನ್ನು ಮಾಡಿದವರು ಕಳೆದ ತಿಂಗಳು ತರೀಕೆರೆಯಲ್ಲಿ ತೀರಿಕೊಂಡರು. ಅಜ್ಜಂಪುರದ ನಮ್ಮ ಶಾಲೆಯಲ್ಲಿ ಅವರು ಕ್ರಾಫ್ಟ್ ಟೀಚರು, ನಾನು ಕೆಳಗಿನ ತರಗತಿಗಳ ಟೀಚರು. ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ಅವರ ಹೆಸರು ಬರೆಯುವುದಿಲ್ಲ. ತನ್ನ ವಿಷಯ ಯಾರಿಗೂ ಖಚಿತವಾಗಿ ತಿಳಿಯದಿರಲಿ ಎಂದು ಅಷ್ಟು ಕಷ್ಟಪಟ್ಟವರನ್ನು ಹೋದ ಮೇಲೆ ಹೆಸರು ಹಿಡಿದು ಕರೆಯುವುದು ಸರಿಯಲ್ಲ ಎಂದು ನನಗೆ ತೋರುತ್ತದೆ. ಸರಿಯೋ ತಪ್ಪೋ, ಅದೂ ಗೊತ್ತಿಲ್ಲ. ನನ್ನದು ಮೊದಲಿನಿಂದಲೂ ಗೊಂದಲದ ಸ್ವಭಾವ. ಮದುವೆ ಮಾಡಿಕೊಳ್ಳಬೇಕೋ ಬೇಡವೋ ಎಂದು ನಾನು ಯೋಚಿಸಿ ಮುಗಿಸುವುದರೊಳಗೆ ಕೇಳಿ ಬರುವವರೇ ಬರುವುದನ್ನು ಬಿಟ್ಟಿದ್ದರು.

ಅವರು ನಮ್ಮೂರಿಗೆ ಬಂದದ್ದು ಶಾಲೆಗಳಲ್ಲಿ ಕೈಕೆಲಸ ಕಲಿಸಬೇಕೆಂದು ಸರ್ಕಾರದ ಆರ್ಡರ್ ಹೊಸದಾಗಿ ಬಂದ ಕಾಲದಲ್ಲಿ, ಕಡೂರಿನಿಂದ ವರ್ಗವಾಗಿ. ಮೂವತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ಮೊಣಕೈವರೆಗೆ ಮಣ್ಣು. ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದರು. ಮೊದಲನೇ ವಾರದಲ್ಲೇ ಒಂದು ಸಂಜೆ ನಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಲಟ್ಟಣಿಗೆ ಎರವಲು ಕೇಳಿದರು. ಕಾಫಿ ಕುಡಿದು ಹೊರಡಲು ಎದ್ದಾಗ ಅಮ್ಮನ ಕಷ್ಟ ಶುರುವಾಯಿತು.

ಮನೆಗೆ ಬಂದ ಹೆಂಗಸನ್ನು ಕುಂಕುಮ ಕೊಡದೆ ಕಳಿಸುವ ಹಾಗಿಲ್ಲ. ಗಂಡ ಇಲ್ಲದವರಾದರೆ ಕುಂಕುಮದ ಭರಣಿ ಮುಂದೆ ಹಿಡಿಯುವ ಹಾಗಿಲ್ಲ. ಮುತ್ತೈದೆಗೆ ಕೊಡದೆ ಇದ್ದರೂ ಅವಮಾನ, ಇಲ್ಲದವರಿಗೆ ಕೊಟ್ಟರೂ ಅವಮಾನ. ಇವರು ಯಾವ ಲೆಕ್ಕಕ್ಕೆ ಸೇರಿದವರು ಎನ್ನುವುದು ನೋಡಿದರೆ ತಿಳಿಯುತ್ತಿರಲಿಲ್ಲ. ಕೈಯಲ್ಲಿ ಬಳೆ ಇಲ್ಲ. ಮಣ್ಣಿಗೆ ತಗಲುತ್ತದೆ ಎಂದು ತೆಗೆದಿಟ್ಟಿದ್ದಾರಂತೆ. ತಲೆಗೆ ಹೂವಿಲ್ಲ, ಹೂವಿನ ವಾಸನೆಗೆ ಸೀನು ಬರುತ್ತದಂತೆ. ಕಾಲುಂಗುರ ನೋಡೋಣವೆಂದರೆ ಅಂಗಾಲು ಒಡೆದಿದೆಯೆಂದು ವರ್ಷವಿಡೀ ಕಾಲುಚೀಲ. ಸೆರಗು ಕುತ್ತಿಗೆ ಸುತ್ತಿ ಹೊದ್ದಿರುತ್ತಿತ್ತು. ಹಣೆಯಲ್ಲಿ ಕಪ್ಪು ಸಾದಿನ ಒಂದು ಚುಕ್ಕೆ, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

“ನಿಮ್ಮನೆಯವ್ರು ಎಲ್ಲಿದಾರೆ ಟೀಚರಮ್ಮ?” ಎಂದು ಅಮ್ಮ ಬಾಗಿಲ ಹತ್ತಿರ ನಿಂತು ಕೇಳಿದಳು.

“ಬರ್ಬೇಕು” ಎಂದರು ಅವರು.

“ಎಲ್ಲಿಂದ?”

“ನೋಡ್ಬೇಕು. ಬರ್ತೀನಿ ಕಣ್ರೀ, ಲಟ್ಟಣಿಗೆ ನಾಳೆ ಕೊಡ್ತೀನಿ.”

ಅಪ್ಪ ಆಗ ಕಡೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಶನಿವಾರದ ರೈಲಿಗೆ ಬಂದು ಸೋಮವಾರ ಹೋಗುತ್ತಿದ್ದರು. ಇವರ ಯಜಮಾನರೂ ಹಾಗೇ ಎಲ್ಲೋ ಕೆಲಸದಲ್ಲಿರಬೇಕು ಎಂದು ಅಮ್ಮ ಒಂದು ತಿಂಗಳು ನಂಬಿದಳು. ಶನಿವಾರಗಳು ಬಂದವು, ಹೋದವು. ಕಡೂರಿನಲ್ಲೂ ಅವರನ್ನು ನೋಡಿ ಹೋಗಲು ಯಾರೂ ಬಂದಿರಲಿಲ್ಲ ಎಂದು ಅಪ್ಪ ವಿಚಾರಿಸಿಕೊಂಡು ಬಂದು ಹೇಳಿದರು. ಅಲ್ಲಿಗೆ ಅಮ್ಮನ ನಂಬಿಕೆ ಕೆಟ್ಟಿತು. ಆಮೇಲೆ ಅವರು ಹೊರಡಲು ಎದ್ದರೆಂದರೆ ಅಮ್ಮನಿಗೆ ಹಿತ್ತಲಲ್ಲಿ ಏನಾದರೂ ಕೆಲಸ ಬಿದ್ದುಬಿಡುತ್ತಿತ್ತು. ಒಂದು ಸಲ ಇಲ್ಲದ ಹಸುವನ್ನು ಅಟ್ಟಲು ಹೋಗಿ, ಅವರು ರಸ್ತೆ ತಿರುಗುವವರೆಗೂ ಬಾವಿಕಟ್ಟೆಯ ಹಿಂದೆ ಕೂತಿದ್ದಳು.

“ನೇರವಾಗಿ ಕೇಳ್ಬಿಡು” ಎಂದು ನಾನು ಹೇಳಿದರೆ, “ನಿಮ್ ಗಂಡ ಇದಾರಾ ಸತ್ತೋದ್ರಾ ಅಂತ ಯಾವ ಬಾಯಲ್ಲಿ ಕೇಳ್ಲಿ? ನೀನು ಕೇಳೇ, ನಿನ್ ಜೊತೆಯೋರು ತಾನೆ” ಎನ್ನುತ್ತಿದ್ದಳು. ನಾನೂ ಕೇಳಲಿಲ್ಲ. ಊರಿನಲ್ಲಿ ಯಾರೂ ಕೇಳಲಿಲ್ಲ. ಕೆಲವರ ಮನೆಯಲ್ಲಿ ಕುಂಕುಮ ಕೊಡುತ್ತಿದ್ದರು, ಕೆಲವರ ಮನೆಯಲ್ಲಿ ಬಾಗಿಲಿನಿಂದಲೇ ಮಾತಾಡಿಸಿ ಕಳಿಸುತ್ತಿದ್ದರು. ಅವರು ಎರಡಕ್ಕೂ ಒಂದೇ ಮುಖ ಇಟ್ಟುಕೊಂಡಿರುತ್ತಿದ್ದರು.

ಅವರ ಕ್ಲಾಸು ನೋಡಲು ನಾನು ಪುರುಸೊತ್ತು ಮಾಡಿಕೊಂಡು ಹೋಗುತ್ತಿದ್ದೆ. ಕೆರೆಯ ಮಣ್ಣನ್ನು ಸೋಸಿ, ತುಳಿದು, ಉಂಡೆ ಮಾಡಿ, ಹಲಗೆಯ ಮೇಲಿಟ್ಟು ಲಟ್ಟಣಿಗೆಯಲ್ಲಿ ಲಟ್ಟಿಸುತ್ತಿದ್ದರು. ಹುಡುಗಿಯರು ಅವರಿಗೆ ಹೋಳಿಗೆ ಟೀಚರ್ ಎಂದು ಹೆಸರಿಟ್ಟಿದ್ದರು. ಮಣ್ಣು ಹಲಗೆಗೆ ಅಂಟದಿರಲೆಂದು ಕೆಳಗೆ ಒಂದು ಬಟ್ಟೆ ಹಾಸುವುದು ಆ ಕೆಲಸದ ಕ್ರಮ. ಉಳಿದವರು ಆ ಬಟ್ಟೆಯ ಗುರುತನ್ನು ಒದ್ದೆ ಕೈಯಿಂದ ಉಜ್ಜಿ ಅಳಿಸುತ್ತಾರಂತೆ. ಇವರು ಅಳಿಸುತ್ತಿರಲಿಲ್ಲ. ಗುರುತು ಬೀಳಲೆಂದೇ ಬಟ್ಟೆ ಆರಿಸುತ್ತಿದ್ದರು. ಗೋಣಿಚೀಲ, ಕಂಬಳಿ, ಹಳೇ ಪಂಚೆ, ಯಾವುದಾದರೂ ಸರಿ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲಿ ಬಟ್ಟೆಯನ್ನು ಸವರಿ, “ಇದು ಬಡಗಿ ಮನೇದು, ಭುಜದ ಹತ್ರ ಸವೆದಿದೆ ನೋಡಿ” ಎನ್ನುವರು. ಎಲ್ಲರೂ ಮನೆಯಿಂದ ಒಂದೊಂದು ಬಟ್ಟೆ ತರಬೇಕೆಂದು ಹೇಳಿದ ದಿನ, ಒಬ್ಬ ಹುಡುಗಿ ತನ್ನ ತಂದೆಯ ಮಡಿಪಂಚೆಯ ನಡುಭಾಗವನ್ನೇ ಕತ್ತರಿಸಿ ತಂದಳು. ತಂದೆ ಉಳಿದ ಎರಡು ತುಂಡು ಹಿಡಿದುಕೊಂಡು ಶಾಲೆಗೆ ಬಂದರು. ಇವರು ಆ ಮನುಷ್ಯನನ್ನು ಕೂರಿಸಿ, ಮಣ್ಣಿನಲ್ಲಿ ಮೂಡಿದ್ದ ಅವರ ಪಂಚೆಯ ಜರಿ ಅಂಚನ್ನು ತೋರಿಸಿದರು. ಅವರು ಬೈಯಲು ಬಂದದ್ದನ್ನು ಮರೆತು, ಸುಟ್ಟ ಮೇಲೆ ಅದು ತಮಗೇ ಬೇಕೆಂದು ಹೇಳಿ ಹೋದರು.

ಸುಡುವುದಕ್ಕೆ ಬೀರೂರಿನ ಕಡೆ ಒಂದು ಹೆಂಚಿನ ಭಟ್ಟಿಗೆ ಒಯ್ಯುತ್ತಿದ್ದರು. ತಿಂಗಳಿಗೊಂದು ಸಲ ಹುಲ್ಲು ಹಾಸಿದ ಬುಟ್ಟಿ ಹಿಡಿದು ರೈಲು ಹತ್ತುವರು. ಬೆಳಗ್ಗೆ ಹೋದರೆ ಸಂಜೆಯೇ ವಾಪಸು. ಭಟ್ಟಿಯ ಕೆಲಸಕ್ಕೆ ಅಷ್ಟು ಹೊತ್ತು ಬೇಡ ಎಂದು ಹೆಡ್ ಮಿಸ್ಟ್ರೆಸ್ ಗೊಣಗುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ನಮ್ಮ ಶಾಲೆಗೆ ರೈಲಿನ ಕೂಗು ಚೆನ್ನಾಗಿ ಕೇಳುತ್ತಿತ್ತು. ಕೂಗು ಕೇಳಿದ ಕೂಡಲೇ ಅವರ ಕೈ ಮಣ್ಣಿನ ಮೇಲೆ ನಿಂತುಬಿಡುತ್ತಿತ್ತು. ಗಾಡಿ ಬಂದು, ನಿಂತು, ಹೊರಟು ಹೋಗುವವರೆಗೂ ಲಟ್ಟಣಿಗೆ ಉರುಳುತ್ತಿರಲಿಲ್ಲ. ಹುಡುಗಿಯರು ಅದನ್ನು ಹೊತ್ತು ನೋಡುವ ರೀತಿ ಎಂದುಕೊಂಡಿದ್ದರು. ನಾನು ಸುಸ್ತು ಎಂದುಕೊಂಡಿದ್ದೆ.

ಹೆಬ್ಬೆ ಜಲಪಾತ ತೋರಿಸಲು ಹುಡುಗಿಯರನ್ನು ಕರೆದುಕೊಂಡು ಹೊರಟ ವರ್ಷ ಒಂದು ಘಟನೆ ನಡೆಯಿತು. ಬೀರೂರಿನಲ್ಲಿ ಇಳಿದು ತರೀಕೆರೆಯ ಗಾಡಿ ಹಿಡಿಯಬೇಕು. ಇವರು ಎರಡು ದೊಡ್ಡ ಕೂಜಗಳಲ್ಲಿ ನೀರು ಹೊತ್ತು ತಂದಿದ್ದರು. ನಾವೆಲ್ಲ ಗಾಡಿಯಲ್ಲಿ ಕೂತ ಮೇಲೆ, “ಯಾರೂ ನೀರಿಗೆ ಅಂತ ಗಾಡಿಯಿಂದ ಇಳೀಬಾರ್ದು” ಎಂದು ಎರಡು ಸಲ ಹೇಳಿದರು. ಆದರೂ ಒಬ್ಬಳು ನಲ್ಲಿ ಕಂಡು ಇಳಿಯಲು ಹೋದಳು. ಇವರು ಅವಳ ಜಡೆ ಹಿಡಿದು ಒಳಗೆಳೆದರು. ಎಂದೂ ಮಕ್ಕಳ ಮೇಲೆ ಕೈ ಮಾಡದವರು. ಹುಡುಗಿ ಅತ್ತಳು, ಇವರು ಗಾಡಿ ಹೊರಟ ಮೇಲೂ ಆ ಜಡೆ ಬಿಡಲಿಲ್ಲ. ನನಗೆ ಸಿಟ್ಟು ಬಂದು ತರೀಕೆರೆಯವರೆಗೆ ಮಾತಾಡಿಸಲಿಲ್ಲ.

ಈಗ ಈ ತಟ್ಟೆಗೆ ಕಾರಣವಾದ ಶುಕ್ರವಾರದ ವಿಷಯ. ಶ್ರಾವಣ ಮಾಸ. ಅಪ್ಪನಿಗೆ ಜ್ವರವೆಂದು ಅಮ್ಮ ಕಡೂರಿಗೆ ಹೋಗಿದ್ದಳು. ಶ್ರಾವಣ ಶುಕ್ರವಾರ ಸಂಜೆ ಮನೆಗೆ ಬಂದ ಹೆಂಗಸನ್ನು ಬರಿಗೈಯಲ್ಲಿ ಕಳಿಸುವುದೆಂದರೆ ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಅವರು ಎಂದಿನಂತೆ ಲಟ್ಟಣಿಗೆ ವಾಪಸು ಕೊಡಲು ಬಂದರು. ಅವತ್ತು ಮುಖ ಬಾಡಿತ್ತು, ಕಾಫಿ ಅರ್ಧ ಬಿಟ್ಟರು. ಎದ್ದು ನಿಂತರು. ಹಿತ್ತಲಿಗೆ ಓಡಲು ನನಗೆ ಅಮ್ಮನಷ್ಟು ಧೈರ್ಯವಿಲ್ಲ. ಒಳಗೆ ಹೋಗಿ ಒಂದು ಕಂಚಿನ ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಹಸಿರು ಚೌಕುಳಿ ರವಿಕೆ ಕಣ ಇಟ್ಟೆ. ಕಣದ ಮೇಲೆ ಕುಂಕುಮದ ಭರಣಿ. ಅದು ಅಮ್ಮನ ತವರಿನ ಹಿತ್ತಾಳೆ ಭರಣಿ, ಅವಳ ಅಜ್ಜಿಯ ಕಾಲದ್ದು. ತಟ್ಟೆ ಹಿಡಿದು ಅವರೆದುರು ಬಂದೆ. ಮುಚ್ಚಳ ತೆಗೆದು ಮುಂದೆ ಹಿಡಿಯಬೇಕು. ಕೈ ಏಳಲಿಲ್ಲ. ಭರಣಿಯನ್ನು ತಟ್ಟೆಯಿಂದ ತೆಗೆದಿಡೋಣವೆಂದರೆ ಅದಕ್ಕೂ ಕೈ ಬರಲಿಲ್ಲ. ಮುಚ್ಚಳ ಹಾಕಿದ್ದ ಭರಣಿಯ ಸಮೇತ ತಟ್ಟೆಯನ್ನು ಹಾಗೇ ನೀಡಿಕೊಂಡು, ತಲೆ ತಗ್ಗಿಸಿ ನಿಂತೆ.

ಅವರು ತಟ್ಟೆಯನ್ನು ನೋಡಿದರು. ಆಮೇಲೆ ಸೆರಗೊಡ್ಡಿ ಕಾಯಿ, ಎಲೆ ಅಡಿಕೆ, ಕಣ ತೆಗೆದುಕೊಂಡರು. ಭರಣಿಯನ್ನೂ ತೆಗೆದುಕೊಂಡರು. “ಬರ್ತೀನಿ ಕಣಮ್ಮ” ಎಂದು ಹೊರಟೇಹೋದರು.

ಅಮ್ಮ ಬಂದ ಮೇಲೆ ಆದದ್ದನ್ನು ಬರೆಯುವುದು ಬೇಡ. “ಭರಣಿ ಸಮೇತ ಕೊಟ್ಟು ಕಳಿಸಿದ್ಯಲ್ಲೇ, ಯಾರಾದ್ರೂ ಕೊಡ್ತಾರೇನೇ?” ಎಂದು ಒಂದೇ ಸಮನೆ ಅತ್ತಳು. ವಾಪಸು ಕೇಳುವ ಹಾಗೂ ಇರಲಿಲ್ಲ. ಹೆಂಗಸಿನ ಕೈಯಿಂದ ಕುಂಕುಮದ ಭರಣಿ ಹಿಂದಕ್ಕೆ ಕೇಳುವುದೆಂದರೆ ನಿನಗೆ ಇದರ ಯೋಗ್ಯತೆ ಇಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಅವರಾಗಿಯೇ ತಂದು ಕೊಡುತ್ತಾರೆಂದು ಕಾದೆವು. ಕೊಡಲಿಲ್ಲ. ಶಾಲೆಯಲ್ಲಿ ಅವರು ಎಂದಿನಂತೆಯೇ ಇದ್ದರು. ನಾನೇ ಕಣ್ಣು ತಪ್ಪಿಸಿಕೊಂಡು ತಿರುಗಿದೆ. ಎರಡು ತಿಂಗಳಿಗೆ ಅವರಿಗೆ ತರೀಕೆರೆಗೆ ವರ್ಗವಾಯಿತು. ಅವರೇ ಅರ್ಜಿ ಹಾಕಿದ್ದರೆಂದು ಆಮೇಲೆ ತಿಳಿಯಿತು.

ಅವರು ಹೋದ ಹದಿನೈದು ದಿನಕ್ಕೆ ತರೀಕೆರೆ ಬಸ್ಸಿನ ಕಂಡಕ್ಟರು ಒಂದು ಬುಟ್ಟಿ ತಂದು ಇಳಿಸಿದ. ಹುಲ್ಲಿನೊಳಗೆ ಈ ಹಸಿರು ತಟ್ಟೆ, ತಟ್ಟೆಯ ತುಂಬ ಅವರೆಕಾಯಿ. ಕಾಗದವಿಲ್ಲ. ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂಬ ಕ್ರಮವನ್ನು ಅವರು ಮರೆತಿರಲಿಲ್ಲ. ಅವರೆಕಾಯಿ ಸುರಿದ ಮೇಲೆ ನಾನು ಆ ಚೌಕುಳಿಯನ್ನೂ ಅಂಚನ್ನೂ ಗುರುತು ಹಿಡಿದೆ. ನಾನು ಕೊಟ್ಟ ರವಿಕೆ ಕಣ. ಹೊಲಿಸದೆ, ತೊಡದೆ, ಮಣ್ಣಿಗೆ ಒತ್ತಿದ್ದಾರೆ. ಅಮ್ಮ ನೋಡಿ, “ಹಿತ್ತಾಳೆ ಕೊಟ್ಟು ಮಣ್ಣು ತಗೊಂಡ್ಯಲ್ಲೇ” ಎಂದು ಒಳಗೆ ಹೋದಳು.

ಕಣ ಬೇಡವೆಂದು ಹಿಂದಕ್ಕೆ ಕಳಿಸಿದರೋ, ಚೆನ್ನಾಗಿದೆಯೆಂದು ಮಾಡಿ ಕಳಿಸಿದರೋ? ಅವರನ್ನು ನೋಯಿಸಿ ಊರು ಬಿಡಿಸಿದವಳು ನಾನೇ ಇರಬಹುದೋ? ಹತ್ತು ವರ್ಷ ಇದನ್ನೇ ಯೋಚಿಸಿದೆ. ತರೀಕೆರೆ ಎಷ್ಟು ದೂರ? ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಹೋಗಲಿಲ್ಲ. ಉತ್ತರ ಏನು ಬರುತ್ತದೋ ಎಂದು ಹೆದರಿಕೆ. ಆ ನಡುವೆ ಅಪ್ಪ ತೀರಿಕೊಂಡರು. ಅಮ್ಮ ಕುಂಕುಮ ಅಳಿಸಿದಳು. ಭರಣಿಯ ಮಾತು ಮನೆಯಲ್ಲಿ ತಾನಾಗಿಯೇ ನಿಂತಿತು.

ಕಳೆದ ವರ್ಷ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ತರೀಕೆರೆಗೆ ಹಾಕಿದರು. ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಹೋದಾಗ ಅವರು ಜಗಲಿಯಲ್ಲಿ ಕೂತು ಮಣ್ಣು ಲಟ್ಟಿಸುತ್ತಿದ್ದರು. ಕೂದಲು ನರೆತಿತ್ತು. ಕಾಲುಚೀಲ, ಹೊದ್ದ ಸೆರಗು, ಕಪ್ಪು ಚುಕ್ಕೆ, ಎಲ್ಲ ಹಾಗೆಯೇ ಇತ್ತು. ನಾನು ನೀರು ಕೂಡ ಕುಡಿಯದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಕೇಳಿಬಿಟ್ಟೆ.

“ಟೀಚರ್, ಅವತ್ತು ನಾನು ಕುಂಕುಮ ಕೊಡ್ಬೇಕಿತ್ತಾ, ಕೊಡ್ಬಾರ್ದಿತ್ತಾ?”

ಅವರು ಕೈ ಒರೆಸಿಕೊಂಡರು. “ಇಷ್ಟು ವರ್ಷದಲ್ಲಿ ಇದನ್ನ ನನ್ನನ್ನೇ ಕೇಳಿದೋಳು ನೀನೊಬ್ಳೇ” ಎಂದರು. ಆಮೇಲೆ ಹೇಳಿದರು.

“ಮದ್ವೆಯಾಗಿ ಎಂಟು ತಿಂಗ್ಳು ಕಣಮ್ಮ. ಶಿವಮೊಗ್ಗಕ್ಕೆ ಹೊರಟಿದ್ವಿ. ಯುದ್ಧದ ಕಾಲ, ಬೀರೂರು ಸ್ಟೇಷನ್ನಲ್ಲಿ ಕಾಲಿಡಕ್ಕೆ ಜಾಗ ಇಲ್ಲ. ನನ್ನ ಗಾಡೀಲಿ ಕೂರ್ಸಿ, ನೀರು ತತ್ತೀನಿ ಅಂತ ಕೂಜ ತಗೊಂಡು ಇಳಿದ್ರು. ಗಾಡಿ ಹೊರಟ್ಬಿಡ್ತು. ಹಿಂದಿನ ಡಬ್ಬಿ ಹತ್ತಿರ್ತಾರೆ ಅಂತ ಸುಮ್ನೆ ಕೂತಿದ್ದೆ. ತರೀಕೆರೇಲಿ ಇಳಿದು ಎಲ್ಲಾ ಡಬ್ಬಿ ನೋಡ್ದೆ. ಮುಂದಿನ ಗಾಡಿಗೆ ವಾಪಸ್ ಬೀರೂರಿಗೆ ಹೋದೆ. ನಲ್ಲಿ ಹತ್ರ ನಮ್ಮ ಕೂಜ ಇತ್ತಂತೆ, ಹಮಾಲಿ ಎತ್ತಿಟ್ಟಿದ್ದ. ತುಂಬಿತ್ತು. ಅವ್ರಿರ್ಲಿಲ್ಲ.”

“ಆಮೇಲೆ?”

“ಆಮೇಲೆ ಇಲ್ಲ. ಓಡಿಹೋದ್ರೋ, ಯಾರಾದ್ರೂ ಕರ್ಕೊಂಡು ಹೋದ್ರೋ, ಸತ್ತರೋ. ಪೊಲೀಸಿನೋರೂ ಹುಡುಕಿದ್ರು. ನಾನು ಕೆಲ್ಸಕ್ಕೆ ಸೇರಿ ಬೀರೂರಿನ ಸುತ್ತಾನೇ ಇರೋ ಹಾಗೆ ಕೇಳ್ಕೊಂಡೆ. ಕಡೂರು, ಅಜ್ಜಂಪುರ, ಈಗ ಇದು. ಬಂದ್ರೆ ಅಲ್ಲಿಗೇ ತಾನೇ ಬರೋದು?”

ಭಟ್ಟಿಗೆಂದು ಹೋದ ದಿನಗಳಲ್ಲಿ ಸಂಜೆಯವರೆಗೂ ಅವರು ಎಲ್ಲಿ ಕೂತಿರುತ್ತಿದ್ದರೆಂದು ಆಗ ತಿಳಿಯಿತು. ಜಡೆ ಹಿಡಿದೆಳೆದದ್ದಕ್ಕೆ ನಾನು ಮುನಿಸಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

“ಹನ್ನೆರಡು ವರ್ಷ ಸುದ್ದಿ ಇಲ್ದಿದ್ರೆ ಸತ್ತರು ಅಂತ ಲೆಕ್ಕ. ದರ್ಭೇಲಿ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸ್ತೀವಿ, ಬಂದು ಕುಂಕುಮ ಅಳಿಸ್ಕೋ ಅಂತ ಅತ್ತೆ ಮನೆಯೋರು ಕಾಗದ ಹಾಕಿದ್ರು. ಆ ಕಾಗದ ಬಂದು ಮೂರು ದಿನ ಆಗಿತ್ತು, ನೀನು ತಟ್ಟೆ ಹಿಡ್ಕೊಂಡು ಬಂದಾಗ. ಎಲ್ರೂ ಅವರವರಿಗೆ ತೋಚಿದ ಹಾಗೆ ನನ್ನ ಗಂಡನ್ನ ಬದುಕಿಸೋರು, ಸಾಯ್ಸೋರು. ನೀನು ಮುಚ್ಚಳ ಹಾಕಿ ನನ್ನ ಕೈಗೇ ಬಿಟ್ಟೆ.”

ಇದು ನನಗೆ ಸಲ್ಲದ ಹೊಗಳಿಕೆ. “ನನಗೆ ಏನ್ ಮಾಡ್ಬೇಕೋ ತಿಳೀಲಿಲ್ಲ ಟೀಚರ್. ಅಷ್ಟೇ” ಎಂದೆ.

“ನನಗೂ ತಿಳೀತಿರ್ಲಿಲ್ಲ ಕಣಮ್ಮ. ಅದಕ್ಕೇ ತಗೊಂಡೆ.”

ಅವರು ಕರ್ಮಕ್ಕೆ ಹೋಗಲಿಲ್ಲವಂತೆ. ಅತ್ತೆ ಮನೆಯವರು ಹುಡುಕಿಕೊಂಡು ಬಂದಾರೆಂದೇ ತರೀಕೆರೆಗೆ ವರ್ಗ ಕೇಳಿಕೊಂಡಿದ್ದರಂತೆ. ಒಳಗೆ ಹೋಗಿ ಟ್ರಂಕಿನಿಂದ ಭರಣಿ ತಂದರು, ಹಸಿರು ಕಣದಲ್ಲಿ ಸುತ್ತಿತ್ತು. ಆ ಕಣದ ಮೇಲೆ ಭರಣಿ ಇಟ್ಟು, ನಾನು ಹಿಡಿದು ನಿಂತ ಹಾಗೆಯೇ ಮಣ್ಣಿಗೆ ಒತ್ತಿದ್ದರಂತೆ. ನಮ್ಮ ತಟ್ಟೆಯ ನಡುವಿನ ದುಂಡು ತಗ್ಗು ಭರಣಿಯ ತಳ. ಹತ್ತು ವರ್ಷ ಅದನ್ನು ದಿನಾ ನೋಡಿಯೂ ನನಗೆ ಹೊಳೆದಿರಲಿಲ್ಲ. “ನಿಮ್ಮಮ್ಮಂದು, ತಗೊಂಡು ಹೋಗು” ಎಂದರು. ನಾನು ಬೇಡವೆಂದೆ. ಅವರು ಬಲವಂತ ಮಾಡಲಿಲ್ಲ.

ಕಳೆದ ತಿಂಗಳು ಶಾಲೆಗೆ ಸುದ್ದಿ ಬಂದು ನಾನು ಓಡಿಹೋದಾಗ, ಜಗಲಿಯಲ್ಲಿ ಮಲಗಿಸಿ ಅಕ್ಕಪಕ್ಕದ ಹೆಂಗಸರು ಸುತ್ತ ನಿಂತಿದ್ದರು. ಸ್ನಾನ ಮಾಡಿಸಿ ಹಸಿರು ಸೀರೆ ಉಡಿಸಬೇಕೋ ಬಿಳಿಯದು ಹೊದಿಸಬೇಕೋ ಎಂದು ಅವರಲ್ಲಿ ವಾದ ನಡೆದಿತ್ತು. ಒಬ್ಬಾಕೆಯ ಬೆರಳಲ್ಲಿ ಕುಂಕುಮ ಹಾಗೇ ಇತ್ತು. ಕಾಲುಚೀಲ ತೆಗೆದಿದ್ದರು. ಕಾಲ್ಬೆರಳಲ್ಲಿ ಉಂಗುರ ಇರಲಿಲ್ಲ, ಅದರ ಗುರುತು ಮಾತ್ರ ಇತ್ತು. ಕುತ್ತಿಗೆಯಲ್ಲಿ ತಾಳಿಯಿಲ್ಲದ ಬರೀ ದಾರ. ಕೊನೆಗೂ ಅವರು ಏನನ್ನೂ ಬಿಟ್ಟುಕೊಟ್ಟಿರಲಿಲ್ಲ.

“ಜೊತೇಲಿ ಕೆಲ್ಸ ಮಾಡಿದೋರಂತೆ, ನಿಮಗೆ ಗೊತ್ತಿರುತ್ತಲ್ಲಮ್ಮ. ಇಡೋದಾ, ಬೇಡ್ವಾ?” ಎಂದು ಕುಂಕುಮ ಹಿಡಿದಿದ್ದಾಕೆ ಕೇಳಿದಳು.

ಎಲ್ಲರೂ ನನ್ನನ್ನೇ ನೋಡಿದರು. ಜೀವನದಲ್ಲಿ ಒಂದು ವಿಷಯವನ್ನಾದರೂ ತಡಮಾಡದೆ ತೀರ್ಮಾನಿಸಿದ್ದೇನೆಂದರೆ ಅದು ಆಗ. ಉಟ್ಟ ಸೀರೆಯೇ ಇರಲಿ ಎಂದೆ. ಟ್ರಂಕು ತೆಗೆದು ಭರಣಿ ತಂದೆ. ಮುಚ್ಚಳ ತೆಗೆಯಲಿಲ್ಲ. ಕಣದಲ್ಲಿ ಸುತ್ತಿದ್ದ ಹಾಗೆಯೇ ಅವರ ಬಲಗೈಯಲ್ಲಿಟ್ಟು ಬೆರಳು ಮಡಿಸಿದೆ. “ಹಣೆಗೆ ಏನೂ ಬೇಡ. ಇದು ಹೀಗೇ ಹೋಗ್ಲಿ. ಅಲ್ಲಿ ಏನು ಗೊತ್ತಾಗುತ್ತೋ ನೋಡ್ಕೊಂಡು ಅವರೇ ಇಟ್ಕೋತಾರೆ” ಎಂದೆ. ಆಕೆ ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು.

ಊರಿಗೆ ಬಂದು ಸ್ನಾನ ಮಾಡಿದ ಮೇಲೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೂಜದ ವಿಷಯವನ್ನೂ ಮೊದಲ ಸಲ ಹೇಳಿದೆ. ಅವಳ ಅಜ್ಜಿಯ ಭರಣಿ ಇನ್ನು ಬರುವುದಿಲ್ಲವೆಂದೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅಮ್ಮ ಕಂಬಕ್ಕೊರಗಿ ಕೂತಳು.

“ನನಗಾದ್ರೂ ಗೊತ್ತಾಯ್ತು ಕಣೇ” ಎಂದಳು. “ನಿಮ್ಮಪ್ಪ ಕಣ್ಮುಂದೆ ಹೋದ್ರು, ಅತ್ತು ಮುಗಿಸ್ದೆ. ಅವ್ಳಿಗೆ ಅದೂ ಸಿಗ್ಲಿಲ್ಲ. ನಾನು ನೋಡಿದ್ರೆ ಬಾವಿಕಟ್ಟೆ ಹಿಂದೆ ಕೂತ್ಕೋತಿದ್ದೆ.”

ಆಮೇಲೆ ಎದ್ದು ಗೂಡಿನಿಂದ ಅದನ್ನು ಇಳಿಸಿದಳು. ಎಳೆ ಎಳೆಗಳ ಸಂದಿನಲ್ಲಿ ಕೂತಿದ್ದ ಧೂಳನ್ನು ನಾರಿನಿಂದ ಉಜ್ಜಿ ತೊಳೆದಳು. ಒರೆಸಿಕೊಂಡು ಅಡುಗೆಮನೆಯ ಹೊಸ್ತಿಲು ದಾಟಿ, ಒಳಗಿನ ದೇವರ ಮುಂದೆ ಇಟ್ಟಳು. ನಾನು ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದೆ.

“ನಿಂತ್ಕೊಂಡು ಏನ್ ನೋಡ್ತೀಯ” ಎಂದಳು ಅಮ್ಮ. “ಬರಿದಾಗಿ ಇಡ್ಬಾರ್ದು. ಏನಾದ್ರೂ ತಂದು ಹಾಕು ತಟ್ಟೆಗೆ.”